ಅರ್ಧದಲ್ಲಿ ನಿಂತ ಏಟು

ನಾನು ಒಂದು ಪವರ್ ಪ್ರೆಸ್. ಪಂಜಾಬಿನಲ್ಲಿ ಕಬ್ಬಿಣ ಕರಗಿಸಿ, ಅಚ್ಚಿಗೆ ಹೊಯ್ದು ನನ್ನನ್ನು ಮಾಡಿದರು. ಲಾರಿ ಏರಿ ಹುಬ್ಬಳ್ಳಿಯ ಡಬ್ಬಿ ಕಾರ್ಖಾನೆಗೆ ಬಂದೆ. ಊಟದ ಡಬ್ಬಿಗೆ ಮುಚ್ಚಳ ಒತ್ತುವುದು ನನ್ನ ಕೆಲಸ. ತಗಡು ಇಟ್ಟು ಪೆಡಲ್ ತುಳಿದರೆ ಐವತ್ತು ಟನ್ನಿನ ಏಟು ಕೆಳಗಿಳಿಯುತ್ತಿತ್ತು. ಇಳಿಯತೊಡಗಿದ ಮೇಲೆ ನಡುವೆ ನಿಲ್ಲುವುದು ನನಗೆ ಗೊತ್ತಿರಲಿಲ್ಲ.

ಕೈ ಒಳಗೆ ಹೋಗದಿರಲೆಂದು ನನ್ನ ಬಾಯಿಗೆ ಜಾಲರಿ ಹಾಕಿ ಕಳಿಸಿದ್ದರು. ಮೊದಲ ಮಾಲೀಕ ಒಂದೇ ವಾರದಲ್ಲಿ ಅದನ್ನು ಬಿಚ್ಚಿಸಿದ. ಕೆಲಸ ನಿಧಾನವಾಗುತ್ತದಂತೆ.

ನನ್ನ ಮುಂದೆ ಆರು ವರ್ಷ ಕೂತವಳು ಕಸ್ತೂರೆವ್ವ. ಕೈ ಬಹಳ ಚುರುಕು. ಒಂದು ಸೋಮವಾರ ತಗಡು ಅಡ್ಡಾಯಿತು. ಸರಿಪಡಿಸಲು ಅವಳ ಬಲಗೈ ಒಳಗೆ ಬಂತು. ಕಾಲು ಆಗಲೇ ಪೆಡಲ್ ತುಳಿದಿತ್ತು. ಎರಡು ಬೆರಳು ಹೋದವು.

"ಖಬರ್ ಎಲ್ಲಿತ್ತ ಆಕೀದು? ಲಕ್ಷ್ಯ ಇಟ್ಟು ಮಾಡಬಾರದೇನ?" ಎಂದ ಮಾಲೀಕ. ಅವಳನ್ನು ಪ್ಯಾಕಿಂಗಿಗೆ ಹಾಕಿದರು. "ನಂದ ತಪ್ಪರಿ, ನಾನ ನೋಡ್ಲಿಲ್ಲ" ಎಂದು ಅವಳೂ ಎಲ್ಲರ ಮುಂದೆ ಹೇಳುತ್ತಿದ್ದಳು.

ನಾಲ್ಕು ವರ್ಷದ ನಂತರ ಕಾರ್ಖಾನೆ ಬೇರೆಯವರ ಪಾಲಾಯಿತು. ರಿಹಾನಾ ಮುಲ್ಲಾ ಮ್ಯಾನೇಜರ್ ಆಗಿ ಬಂದರು. ಬಂದ ದಿನವೇ ನನ್ನ ಬರಿದಾದ ಬಾಯಿ ನೋಡಿ ಕರೆಂಟು ತೆಗೆಸಿದರು. ಹೊಸ ಮಾಲೀಕರು ಫೋನಿನಲ್ಲಿ ಕೂಗಾಡಿದ್ದು ನನಗೂ ಕೇಳಿಸಿತು. ಆಕೆ ಹೇಳಿದ್ದು ಇಷ್ಟೇ: "ಆರ್ಡರ್ ತಡ ಆಗ್ಲಿ ಸರ್. ಹಿಂಗ ನಡಸೂದಾದ್ರ ನನ್ನ ರಾಜೀನಾಮೆ ತಗೋರಿ."

ಇಪ್ಪತ್ತು ದಿನ ಸುಮ್ಮನೆ ನಿಂತೆ. ಪೆಡಲ್ ಹೋಯಿತು. ಹೊಸ ಕ್ಲಚ್, ಹೊಸ ಬ್ರೇಕು, ಜಾಲರಿಯ ಬದಲು ಎರಡು ಗುಂಡಿ ಬಂದವು. ಎರಡನ್ನೂ ಎರಡು ಕೈಯಿಂದ ಒತ್ತಿಕೊಂಡೇ ಇದ್ದರೆ ಮಾತ್ರ ನಾನು ಇಳಿಯಬೇಕು.

ಮೊದಲು ಕೂರಲು ಯಾರಿಗೂ ಧೈರ್ಯ ಬರಲಿಲ್ಲ. ಮ್ಯಾನೇಜರ್ ತಾವೇ ಕೂತರು. ಹೆಂಗಸರೆಲ್ಲ ಸುತ್ತ ನಿಂತಿದ್ದರು. ಊಟದ ಹೊತ್ತಿನವರೆಗೂ ಮುಚ್ಚಳ ಒತ್ತಿದರು. ಆಮೇಲೆ ನಾನು ಇಳಿಯುತ್ತಿರುವಾಗಲೇ ಒಂದು ತಗಡು ಅಡ್ಡಾಯಿತು. ಅವರ ಬಲಗೈ ಗುಂಡಿ ಬಿಟ್ಟು ತಾನಾಗಿಯೇ ನನ್ನ ಬಾಯಿಯತ್ತ ಚಾಚಿತು.

ನಾನು ನಿಂತೆ. ಗಾಳಿಯಲ್ಲಿ, ಅರ್ಧದಲ್ಲಿ, ಅಷ್ಟೂ ಭಾರ ಹೊತ್ತು ನಿಂತೆ! ಮೈಯೆಲ್ಲ ಜುಮ್ಮೆಂದಿತು. ನಿಲ್ಲುವುದಕ್ಕೂ ಇಷ್ಟು ಬಲ ಇದೆಯೆಂದು ಅಂದೇ ತಿಳಿಯಿತು.

ಮ್ಯಾನೇಜರ್ ತಮ್ಮ ಕೈಯನ್ನೊಮ್ಮೆ ನೋಡಿಕೊಂಡರು. ಎದ್ದು, ಗುಂಪಿನಲ್ಲಿ ನಿಂತಿದ್ದ ಕಸ್ತೂರೆವ್ವನ ಹತ್ತಿರ ಹೋದರು.

"ನೋಡಿದ್ರೇನ್ರಿ? ಎಲ್ಲಾ ಗೊತ್ತಿದ್ದ ನನ್ನ ಕೈನೂ ಒಳಗ ಹೊಂಟಿತ್ತು. ಅವತ್ತಿನ ತಪ್ಪು ನಿಮ್ದಲ್ಲರಿ. ಕಾರ್ಖಾನಿ ನಡಸಾವ್ರದು."

ಕಸ್ತೂರೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಈಗ ನಾನು ಮುದುಕ. ಹಿಂದಿನ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಾ ಗುಜರಿಯವರ ದಾರಿ ಕಾಯುತ್ತಿದ್ದೇನೆ. ಲಕ್ಷಗಟ್ಟಲೆ ಮುಚ್ಚಳ ಒತ್ತಿದೆ. ಅವು ಯಾವ ಮನೆ ಸೇರಿದವೋ ಗೊತ್ತಿಲ್ಲ. ಆ ದಿನದ ನಂತರ ಹದಿನೇಳು ವರ್ಷ ನನ್ನ ಮುಂದೆ ಕೂತ ಹೆಂಗಸರೆಲ್ಲ ಸಂಜೆ ಹತ್ತೂ ಬೆರಳು ತೊಳೆದುಕೊಂಡು ಮನೆಗೆ ಹೋದರು. ಅದನ್ನು ಮಾತ್ರ ನಾನು ಕಣ್ಣಾರೆ ನೋಡಿದ್ದೇನೆ.