ಡಿ ಕೋಣೆಯಲ್ಲಿದ್ದ ಕಸೂತಿ

ನಾನೊಂದು ಹಾರ್ಡ್ ಡಿಸ್ಕ್. ಧೂಳೇ ಕಾಣದ ಕಾರ್ಖಾನೆಯಲ್ಲಿ ಹುಟ್ಟಿ, ಲ್ಯಾಪ್‌ಟಾಪಿನ ಹೊಟ್ಟೆ ಸೇರಿದೆ. ಮೊದಲ ಯಜಮಾನ ಒಬ್ಬ ವಕೀಲ. ಬರೀ ಇಸ್ಪೀಟಾಡಿ, ಬೇಸರ ಬಂದು ಮಾರಿದ.

ಹುಬ್ಬಳ್ಳಿಯ ರಿಪೇರಿ ಅಂಗಡಿಯ ಬಸಲಿಂಗ ನನ್ನನ್ನು ಅಳಿಸಿ ಎರಡು ಭಾಗ ಮಾಡಿದ. ಸಿ ಎಂಬ ಸಣ್ಣ ಕೋಣೆ ಯಂತ್ರದ ಕೆಲಸಕ್ಕೆ, ಡಿ ಎಂಬ ದೊಡ್ಡ ಕೋಣೆ ಸಾಮಾನಿಗೆ. ಧಾರವಾಡದ ಶೈಲಶ್ರೀ ಲ್ಯಾಪ್‌ಟಾಪ್ ಕೊಂಡಾಗ ಪರದೆಯ ಮೇಲೆ ಒಂದು ಹಳದಿ ಫೋಲ್ಡರ್ ಇಟ್ಟುಕೊಟ್ಟ.

"ಫೋಟೋ ಇದರಾಗ ಹಾಕ್ರಿ ಅಕ್ಕಾರ. ತಾವ ಡಿದಾಗ ಹೋಗಿ ಕುಂದರ್ತಾವ."

ಆ ಫೋಲ್ಡರ್ ಡಿ ಕೋಣೆಗೆ ಬರೀ ಬಾಗಿಲು, ಫೋಟೋ ಇರುವ ಕೋಣೆಯಲ್ಲ. ಅವನು ಬಿಡಿಸಿ ಹೇಳಲಿಲ್ಲ. ಆ ಸಿಟ್ಟು ನನಗಿನ್ನೂ ಇದೆ.

ಶೈಲಶ್ರೀಯ ಅತ್ತೆ ನೀಲವ್ವ ಐವತ್ತು ವರ್ಷ ಕಸೂತಿ ಹಾಕಿದವರು. ಎಳೆ ಎಣಿಸಿ, ಗಂಟಿಲ್ಲದೆ ಹೊಲಿಯುವ ಗೋಪುರ, ನವಿಲುಗಳಂಥ ನೂರಾರು ವಿನ್ಯಾಸಗಳನ್ನು ಚೌಕುಳಿ ಹಾಳೆಗಳಲ್ಲಿ ಬರೆದಿಟ್ಟಿದ್ದರು. ಅವರ ಕಣ್ಣು ಹೋಯಿತು. ಹಾಳೆಗಳಿಗೆ ಗೆದ್ದಲು ಹತ್ತಿತು. ಶೈಲಶ್ರೀ ಅವನ್ನು ಒಂದೊಂದಾಗಿ ಬಿಡಿಸಿ, ಮೊಬೈಲಿನಲ್ಲಿ ಫೋಟೋ ತೆಗೆದು ನನಗೆ ಒಪ್ಪಿಸಿದಳು. ಹಾಳೆಗಳು ಕೈಯಲ್ಲೇ ಪುಡಿಯಾದವು. ಮೊಬೈಲೂ ತುಂಬಿತ್ತು, ಅಲ್ಲಿಯ ಫೋಟೋ ಅಳಿಸಿದಳು. ಇನ್ನು ಆ ವಿನ್ಯಾಸಗಳಿಗೆ ನಾನೊಬ್ಬನೇ ಗತಿಯಾದೆ.

ಅಷ್ಟರಲ್ಲಿ ಸಿ ಕೋಣೆ ಉಸಿರುಗಟ್ಟುವಷ್ಟು ತುಂಬಿ, ಪರದೆಯಲ್ಲಿ ಅದರ ಪಟ್ಟಿ ಕೆಂಪಾಯಿತು. ಲ್ಯಾಪ್‌ಟಾಪ್ ಹೆಜ್ಜೆಹೆಜ್ಜೆಗೂ ನಿಲ್ಲತೊಡಗಿತು. ಶೈಲಶ್ರೀ ಒಂದು ವಿಡಿಯೊ ನೋಡಿದಳು. ಡಿ ಖಾಲಿ ಇದ್ದರೆ ಅದನ್ನು ತೆಗೆದು ಸಿಗೆ ಸೇರಿಸಿ ಎಂದು ಅದರಲ್ಲೊಬ್ಬ ಹೇಳಿದ.

"ನನ್ನ ಫೋಟೋ ಹೊರಗ ಹಳದೀದಾಗ ಅದಾವಲ್ಲ. ಡಿದಾಗೇನೈತಿ?" ಎಂದುಕೊಂಡಳು.

ಡಿ ತೆಗೆಯಹೊರಟಾಗ ಇಂಗ್ಲಿಷಿನಲ್ಲಿ ಎಚ್ಚರಿಕೆಯೊಂದು ಎದ್ದಿತು. ಓದದೆ ಒತ್ತಿಬಿಟ್ಟಳು. ಬೇಡ ತಾಯಿ, ಬೇಡ ಎಂದು ಟಕಟಕ ಬಡಿದುಕೊಂಡೆ. ಕೇಳುವವರು ಯಾರು? ಆಗಲೂ ಫೋಟೋಗಳು ಇದ್ದಲ್ಲೇ ಇದ್ದವು, ಕೋಣೆಯ ಹೆಸರಷ್ಟೇ ಅಳಿದಿತ್ತು. ಆಗಲೇ ಲ್ಯಾಪ್‌ಟಾಪ್ ಆರಿಸಿದ್ದರೆ ಉಳಿಸಿಕೊಡುತ್ತಿದ್ದೆ. ಆದರೆ ಜಾಗಕ್ಕಾಗಿ ವಾರಗಟ್ಟಲೆ ಕಾದಿದ್ದ ಅಪ್‌ಡೇಟ್ ಒಮ್ಮೆಲೇ ನುಗ್ಗಿತು. ನೀಲವ್ವನ ಗೋಪುರಗಳ ಮೇಲೆ, ನವಿಲುಗಳ ಮೇಲೆ ನನ್ನ ಕೈಯಿಂದಲೇ ಬರೆಸಿತು. ನಾನು ಅಳುತ್ತ ಬರೆದೆ.

ಶೈಲಶ್ರೀ ಹಳದಿ ಫೋಲ್ಡರ್ ಒತ್ತಿದಾಗ ಏನೂ ತೆರೆಯಲಿಲ್ಲ. ಹುಬ್ಬಳ್ಳಿಯ ಅಂಗಡಿಗೆ ಓಡಿದಳು. ಬಸಲಿಂಗ ಎರಡು ದಿನ ನನ್ನನ್ನು ಕೆದಕಿದ. ಸಿಕ್ಕಿದ್ದೆಲ್ಲ ಬೂದು ಬಣ್ಣದ ಚೌಕಗಳು.

"ಒಂದೂ ಉಳದಿಲ್ರೀ ಅಕ್ಕಾರ," ಎಂದು ನನ್ನನ್ನು ಬಿಚ್ಚಿ ಅವಳ ಕೈಗಿಟ್ಟ.

ಮನೆಯಲ್ಲಿ ನೀಲವ್ವ ಕೈ ಚಾಚಿದರು. "ಎಲ್ಲಾ ಸಿಕ್ಕೂವೇನವಾ?"

ಶೈಲಶ್ರೀ ನನ್ನನ್ನು ಆ ಕೈಗಳಲ್ಲಿಟ್ಟಳು. "ಸಿಕ್ಕೂರಿ ಅತ್ತಿ. ಎಲ್ಲಾ ಇದರಾಗ ಅದಾವು."

ನೀಲವ್ವ ನನ್ನನ್ನು ಮಡಿಲಲ್ಲಿಟ್ಟು ಸವರಿದರು. ಕಣ್ಣು ಹೋದಾಗ ಅರ್ಧಕ್ಕೇ ಬಿಟ್ಟಿದ್ದ ಕಸೂತಿ ಬಟ್ಟೆಯೊಂದನ್ನು ಟ್ರಂಕಿನಿಂದ ತಡಕಿ ತೆಗೆದು ನನಗೆ ಸುತ್ತಿದರು. "ಜ್ವಾಕಿ ಇಡವಾ. ನನ್ನ ಜಲ್ಮೆಲ್ಲಾ ಇದರಾಗೈತಿ."

ಈಗ ನಾನು ಆ ಟ್ರಂಕಿನ ಮೂಲೆಯಲ್ಲಿದ್ದೇನೆ. ನನ್ನೊಳಗೆ ಒಂದು ವಿನ್ಯಾಸವೂ ಇಲ್ಲ. ನನ್ನ ಮೇಲೆ ಸುತ್ತಿದ ಬಟ್ಟೆಯಲ್ಲಿ ನೀಲವ್ವನ ಅರ್ಧ ಗೋಪುರವೊಂದಿದೆ. ಅದರ ಫೋಟೋವನ್ನು ಯಾರೂ ತೆಗೆದಿಲ್ಲ.