ಉಷಾರಾಣಿಯ ಹೇಳಿಕೆ

ಅರಸೀಕೆರೆಯ ಮಹಿಳಾ ರಕ್ಷಣಾಧಿಕಾರಿಯ ಕಚೇರಿಗೆ ಉಷಾರಾಣಿ ಬಂದು ಕೂತಾಗ, ಬೆಳಗ್ಗೆ ಆಸ್ಪತ್ರೆಯಲ್ಲಿ ಎಡಗೈಗೆ ಹಾಕಿದ ಪ್ಲಾಸ್ಟರ್ ಇನ್ನೂ ಪೂರ್ತಿ ಆರಿರಲಿಲ್ಲ. ಜಾವಗಲ್‌ನಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಅವಳ ಗಂಡ ಶಶಿಧರ್ ಆಸ್ಪತ್ರೆಯಿಂದಲೇ ಬೈಕಿನಲ್ಲಿ ಬೆನ್ನುಹತ್ತಿ ಬಂದಿದ್ದ. ಈಗ ಹೊರಗಿನ ಜಗಲಿಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದ. ಅವನ ಚಪ್ಪಲಿಯ ಸದ್ದು ನಿಂತಾಗಲೆಲ್ಲ ಇವಳು ಬಾಗಿಲತ್ತ ತಿರುಗಿ ನೋಡುತ್ತಿದ್ದಳು.

ಅಧಿಕಾರಿ ಸಿಂಧು ಫಾರಂ ತೆಗೆದು, "ನೊಂದ ಮಹಿಳೆಯ ಹೆಸರು" ಎಂದಿದ್ದ ಕಡೆ ಬರೆಯತೊಡಗಿದಳು.

"ಆ ನೊಂದ ಅನ್ನೋದು ಬ್ಯಾಡ ಮೇಡಂ," ಎಂದಳು ಉಷಾರಾಣಿ. "ಆರು ವರ್ಷದಿಂದ ಬೀದಿಯೋರೆಲ್ಲ 'ಪಾಪ, ನೊಂದ ಜೀವ' ಅಂತಾರೆ. ನೋಯ್ಸಿದ್ದು ಯಾರು ಅಂತ ಒಬ್ರೂ ಕೇಳಲ್ಲ."

"ಅದು ಅಚ್ಚಾಗಿರೋ ಮಾತು ಕಣಮ್ಮ, ನಾನು ತಿದ್ದಕ್ಕಾಗಲ್ಲ. ಪೇಪರ್‌ನೋರು ಸಂತ್ರಸ್ತೆ ಅಂತಾರೆ. ನಮ್ಮ ತರಬೇತೀಲಿ, ಪಾರಾಗಿ ಬಂದವರು ಅನ್ನಿ ಅಂತಾರೆ. ಕೆಳಗಿನ ಹೇಳಿಕೆ ಮಾತ್ರ ನಿಮ್ಮದೇ. ಏನಾಯ್ತು?"

"ಕೈ ಮುರೀತು."

"ತಾನಾಗೇ ಮುರೀತಾ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಶಶಿಧರ್ ಬಾಗಿಲು ತಳ್ಳಿಕೊಂಡು ಒಳಗೆ ಬಂದ.

"ಸಂಸಾರದಾಗೆ ಒಂದ್ ಮಾತು ಬತ್ತೈತೆ, ಹೋಯ್ತೈತೆ ಮೇಡಂ. ಬಾಗ್ಲಿಗೆ ಕೈ ಸಿಗಾಕ್ಕೊಂಡ್ಲು, ಅಷ್ಟೇಯ. ಏಳೇ ಉಷಾ, ಮನೆಗ್ ಹೋಗಾನ."

ದನಿ ಬಲು ಮೆತ್ತಗಿತ್ತು. ಚಿಲಕ ಹಾಕಿ ಹೊಡೆಯುವ ಮೊದಲು ಅವನು ಹೀಗೇ ಮಾತಾಡುವುದು. ಉಷಾರಾಣಿಗೆ ಗೊತ್ತಾಗುವ ಮೊದಲೇ ಕಾಲುಗಳು ಎದ್ದು ನಿಂತುಬಿಟ್ಟಿದ್ದವು.

"ನೀವು ಹೊರಗಿರಿ," ಎಂದ ಸಿಂಧು ಪೊಲೀಸ್ ಠಾಣೆಗೆ ಫೋನ್ ಹಚ್ಚಿದಳು. ಅವನು ಕದಲಲಿಲ್ಲ.

ಉಷಾರಾಣಿ ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಂಡಳು. ನಿಂತೇ, 'ಕೈ ಮುರಿಯಿತು' ಎಂದು ಬರೆದಳು. ಡಾಕ್ಟರಿಗೆ ಹೇಳಿದ್ದೂ ಅದೇ, ತವರಿಗೆ ಹೇಳಿದ್ದೂ ಅದೇ. ಅದರ ಮೇಲೆ ಗೆರೆ ಎಳೆದಳು. ಮತ್ತೆ ಬರೆದಳು. ಬರೆದದ್ದನ್ನು ಅವನಿಗೆ ಕೇಳುವಂತೆ ಓದಿದಳು:

"ನನ್ನ ಗಂಡ ಶಶಿಧರ್ ನನ್ನ ಕೈ ಮುರಿದ."

"ಏನಂದೆ?" ಅವನು ಒಂದು ಹೆಜ್ಜೆ ಮುಂದೆ ಬಂದ.

ಅವಳು ಹಿಂದೆ ಸರಿಯಲಿಲ್ಲ. ಇನ್ನೊಮ್ಮೆ ಓದಿದಳು, ಈ ಸಲ ಇನ್ನೂ ಗಟ್ಟಿಯಾಗಿ. ಪಕ್ಕದ ಕೋಣೆಯ ಗುಮಾಸ್ತರು ಬಾಗಿಲಿಗೆ ಬಂದು ನಿಂತರು. ಶಶಿಧರ್ ಅವರನ್ನೊಮ್ಮೆ ನೋಡಿ, ಏನೋ ಗೊಣಗುತ್ತ ಮೆಟ್ಟಿಲಿಳಿದು ಹೋದ.

ಸಂಜೆ ಮಹಿಳಾ ಪೇದೆಯೊಬ್ಬಳು ಅವಳನ್ನು ಹಾರನಹಳ್ಳಿಯ ತಮ್ಮನ ಮನೆಗೆ ಮುಟ್ಟಿಸಿದಳು. ಕೆಲವು ವಾರಗಳಲ್ಲಿ, ಶಶಿಧರ್ ಆ ಮನೆಯತ್ತ ಸುಳಿಯಕೂಡದೆಂದು ಕೋರ್ಟಿನ ಆದೇಶವೂ ಬಂತು. ಅದನ್ನು ಓದಿದ ಮೇಲೆ ಉಷಾರಾಣಿ ಹಿತ್ತಲ ಕಲ್ಲಿನ ಮೇಲೆ ಕೂತು ಬಹಳ ಹೊತ್ತು ಅತ್ತಳು. ತಮ್ಮನ ಹೆಂಡತಿ ಹಿಂದೆ ಕೂತು, ಅವಳ ತಲೆ ಬಾಚಿ ಜಡೆ ಹೆಣೆದಳು.