ಒತ್ತಿಸಿದ ಹೆಬ್ಬೆಟ್ಟು

ಪುಟ್ಟ ವಿಮಾನವೊಂದು ಗುರ್ರೆನ್ನುತ್ತ ಆಸ್ಪತ್ರೆಯ ಮೇಲೆ ಹಾದುಹೋಯಿತು, ಜಕ್ಕೂರಿನದ್ದೇ, ಹಾರಲು ಕಲಿಯುವವರದ್ದು, ಸದ್ದಿನಲ್ಲೇ ಗೊತ್ತಾಗುತ್ತದೆ ನೀಲಕ್ಕನಿಗೆ, ಮೂವತ್ತೈದು ವರ್ಷ ಕೇಳಿದ ಕಿವಿ — ಬಿಜಾಪುರದಿಂದ ನರ್ಸಾಗಿ ಕೆರೆಯಾಚೆಯ ಹಳ್ಳಿಗೆ ಬಂದ ಹೊಸತರಲ್ಲಿ ಆ ಸದ್ದಿಗೆ ಬೆಚ್ಚಿ ಹೊರಗೋಡಿದಾಗ ನಕ್ಕವಳು ಸರಳಾ, ಅಯ್ಯೋ ಅಕ್ಕಾ ಅದು ಬೀಳಾಕಿಲ್ಲ ಬನ್ನಿ ಎಂದು ಸೆರಗಿನ ತುಂಬ ತಂದ ದ್ರಾಕ್ಷಿಯನ್ನು ಮೇಜಿನ ಮೇಲೆ ಸುರಿದವಳು, ಮುದ್ದೆಯನ್ನು ಅಗಿಯದೆ ನುಂಗಲು ಕಲಿಸಿದವಳು, ಆಗ ಯಲಹಂಕದ ದಾರಿಯಲ್ಲೆಲ್ಲ ದ್ರಾಕ್ಷಿ ಚಪ್ಪರ, ಅದರಡಿಯ ತಂಪಿನಲ್ಲಿ ಇಬ್ಬರೂ ಕೂತರೆ ಮಧ್ಯಾಹ್ನ ಮುಗಿಯುತ್ತಲೇ ಇರಲಿಲ್ಲ — ಸಿಸ್ಟರ್, ಥಿಯೇಟರ್ ರೆಡಿನಾ, ಡಾಕ್ಟರ್ ಪ್ರತಿಭಾ ಕೇಳುತ್ತಿದ್ದಾರೆ, ಹತ್ತೇ ನಿಮಿಷ ಮೇಡಂ, ಕೈಯಲ್ಲಿ ಸುಮೈರಾಳ ಫೈಲು, ಎರಡನೇ ಸಿಸೇರಿಯನ್, ಜೊತೆಗೇ ಮುಂದೆ ಮಕ್ಕಳಾಗದಂತೆ ಆಪರೇಷನ್, ಅವಳ ಸಹಿ ಇದೆ, ಬೇಕಿಲ್ಲದಿದ್ದರೂ ಗಂಡ ಮುಬಶ್ಶಿರನದ್ದೂ ಇದೆ, ಎಲ್ಲ ಸರಿಯಾಗಿದೆ, ಸರಿಯಾಗಿಲ್ಲ, ಈಗತಾನೆ ಡ್ರಿಪ್ ಹಾಕುವಾಗ ಕೈ ಹಿಡಿದುಕೊಂಡಳಲ್ಲ, ಆಂಟಿ ಆ ಆಪರೇಷನ್ ಬೇಡ ನನ್ಗೆ, ಮತ್ಯಾಕಮ್ಮ ಸಹಿ ಹಾಕ್ದೆ, ಅವ್ರು ಅಳ್ತಿದ್ರು ಆಂಟಿ. ಅಳುತ್ತಿದ್ದದ್ದು ನಿಜ, ಮೊದಲ ಹೆರಿಗೆಯಲ್ಲಿ ಏಳು ಬಾಟಲಿ ರಕ್ತ ಕೊಡಿಸಿದವನು, ಇವಳೊಬ್ಳು ಉಳಿದ್ರೆ ಸಾಕು ಸಿಸ್ಟರ್ ಎಂದು ಕಾರಿಡಾರಿನ ಗೋಡೆಗೆ ಹಣೆಯಿಟ್ಟು ನಿಂತಿದ್ದಾನೆ, ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು, ಡಾಕ್ಟರೂ ಒಳ್ಳೆಯದಕ್ಕೇ ಹೇಳಿದ್ದು, ತಾನೂ ಅಂದು ಒಳ್ಳೆಯದಕ್ಕೇ ಅಲ್ಲವೇ — ಶಾಲೆಯ ಜಗಲಿಯಲ್ಲಿ ಇದೇ ಆಪರೇಷನ್ನಿನ ಕ್ಯಾಂಪು, ತಿಂಗಳ ಗುರಿಗೆ ಒಬ್ಬಳು ಕಡಿಮೆ, ಸರಳಾಳಿಗೆ ಎರಡು ಮಕ್ಕಳು, ಅತ್ತೆ ಒಪ್ಪಿದ್ದಾಳೆ, ಅಕ್ಕಾ ಇಂಗ್ಯಾಕೆ ಅವಸ್ರ ಮಾಡ್ತೀರಿ ಇನ್ನೊಂದ್ ವರ್ಸ ಓಗ್ಲಿ, ಸುಮ್ನಿರವ್ವಾ ನಿನ್ನ ಚಲೋದಕ್ಕ ಹೇಳಾಕತ್ತೀನಿ, ಬೆರಳು ಹಿಡಿದು ನೀಲಿ ಶಾಯಿ ಪ್ಯಾಡಿಗೆ ಅದ್ದಿ ಒಪ್ಪಿಗೆ ಕಾಗದಕ್ಕೆ ಒತ್ತಿಸಿದ್ದು ತಾನೇ, ನಗುನಗುತ್ತಲೇ, ಗೆಳತಿಯೆಂಬ ಸಲಿಗೆಯಲ್ಲಿ, ಅವಳು ಆ ಹೆಬ್ಬೆರಳನ್ನು ಸೆರಗಿಗೆ ಉಜ್ಜುತ್ತಲೇ ಇದ್ದಳು, ಮುಂದಿನ ಬೇಸಿಗೆಯಲ್ಲಿ ಅವಳ ಚಿಕ್ಕ ಮಗು ಜ್ವರ ಬಂದು ತೀರಿಹೋಯಿತು.

ಮೇಡಂ, ಒಂದ್ನಿಮಿಷ, ತನ್ನದೇ ದನಿ, ಸೈನ್ ಆಗಿದೆಯಲ್ಲ ಸಿಸ್ಟರ್, ಮತ್ತೆ ಬಸುರಾದ್ರೆ ಜೀವಕ್ಕೇ ಅಪಾಯ ಅಂತ ನಿಮ್ಗೂ ಗೊತ್ತು, ಗೊತ್ತು ಮೇಡಂ, ಒಬ್ಳೇ ಇದ್ದಾಗ ಅವಳ ಬಾಯಿಂದ್ಲೇ ಒಂದ್ಸಲ ಕೇಳಿ. ಡಾಕ್ಟರ್ ನೀಲಕ್ಕನನ್ನು ಬಿಟ್ಟು ಎಲ್ಲರನ್ನೂ ಹೊರಗೆ ಕಳಿಸಿ, ಮಂಚದ ಪಕ್ಕ ಕುರ್ಚಿ ಎಳೆದು ಕೂತರು, ಅಪಾಯವನ್ನು ಮುಚ್ಚಿಡಲಿಲ್ಲ, ಬೇರೆ ದಾರಿಗಳನ್ನೂ ಹೇಳಿದರು, ಸದ್ಯಕ್ಕೆ ಕಾಪರ್-ಟಿ ಹಾಕ್ಬಿಡಿ ಮೇಡಂ, ಮುಂದೆ ಬೇಕಂದ್ರೆ ನಾನೇ ಬಂದು ಕೇಳ್ತೀನಿ, ಪೆನ್ನು ಇಸಿದುಕೊಂಡು ಫೈಲಿನಲ್ಲಿದ್ದ ಆ ಆಪರೇಷನ್ನಿನ ಸಾಲನ್ನು ಸುಮೈರಾಳೇ ಹೊಡೆದುಹಾಕಿದಳು, ಅವ್ರನ್ನ ಕರೀರಿ, ನಾನೇ ಹೇಳ್ತೀನಿ ಎಂದಳು. ಹೊರಗೆ ಬಂದ ಮುಬಶ್ಶಿರ್ ನೀಲಕ್ಕನ ಮುಖ ನೋಡಲಿಲ್ಲ, ನನ್ಗೆ ಮೊದ್ಲೇ ಹೇಳ್ಬೋದಿತ್ತಲ್ಲ ಸಿಸ್ಟರ್ ಅವಳು, ಅಷ್ಟೇ ಅಂದ, ಮುಕ್ಕಾಲು ಗಂಟೆಯ ಮೇಲೆ ಹೆಣ್ಣುಕೂಸು ಅತ್ತಿತು, ರಕ್ತ ಹೆಚ್ಚು ಹೋಗಲಿಲ್ಲ, ತಾಯಿ ನಗುತ್ತಿದ್ದಾಳೆ, ಖುಷಿಯಾಗಬೇಕು, ಆಗಿದೆ, ಸರಳಾಳ ನಗುವನ್ನು ನೆನೆಯಬೇಕು ಈಗ, ಆ ಮುಖ ಬರುತ್ತಿಲ್ಲ, ತನ್ನ ಚಿಕ್ಕ ಕೂಸನ್ನು ಮಣ್ಣು ಮಾಡಿದ ಮೂರನೇ ವಾರ ಬಂದು ಬಾಗಿಲಲ್ಲಿ ನಿಂತು ಕೇಳಿದಳು, ಅಕ್ಕಾ ಆ ಆಪ್ರೇಸನ್ನಿನ ಗಂಟ ಬಿಚ್ಚಾಕಾಯ್ತದಾ, ಏನು ಹೇಳಿದೆ ತಾನು, ಕಬ್ಬಿಣದ ಮಾತ್ರೆ ಕೊಟ್ಟೆ, ಅವಳು ಕೈ ಚಾಚಿದಳು, ಎಂದೋ ತೊಳೆದುಹೋಗಿದ್ದಿರಬೇಕು ಆ ಶಾಯಿ, ಹೋಗಿಯೇ ಇತ್ತು, ಆದರೂ ಹೆಬ್ಬೆರಳು, ಉಗುರಿನ ಸಂದಿಯಲ್ಲಿ ನೀಲಿ, ಹೆಬ್ಬೆರಳಿನ ತುಂಬ ನೀಲಿ —